ತೊಟ್ಟಿ ಮನೆಯೋ, ಹೂವಿನಂಗಡಿ ಇರುವ ಬೀದಿಯೋ? ಬೆಂಗಳೂರಲ್ಲಿ ಮನೆ ಹುಡುಕುವವರಿಗೆ ಒಂದು ಹೋಲಿಕೆ

ಹೋದ ತಿಂಗಳು ತಮ್ಮ ಫೋನ್ ಮಾಡಿದ. "ಅಕ್ಕಾ, ಭಾನುವಾರ ಬಿಡುವಿದೆಯಾ? ಒಂದು ಮನೆ ನೋಡ್ಕೊಂಡು ಬರೋಣ" ಅಂದ. ಕನಕಪುರ ರಸ್ತೆ ಹಿಡಿದು, ನೈಸ್ ರಸ್ತೆ ದಾಟಿ, ಇನ್ನೂ ಸಾಕಷ್ಟು ದೂರ ಹೋಗಿ ಎಡಕ್ಕೆ ತಿರುಗಿದೆವು. ದೊಡ್ಡ ಗೇಟು. ಒಳಗೆ ಸಾಲು ಸಾಲು ವಿಲ್ಲಾ. ನಮಗೆ ತೋರಿಸಿದ ಮನೆಯ ನಡುವೆ ತೊಟ್ಟಿ, ಅಂದರೆ ಆಕಾಶಕ್ಕೆ ತೆರೆದ ಒಳಾಂಗಳ, ಇತ್ತು. ಸುತ್ತ ತಮಿಳುನಾಡಿನ ಕಾರೈಕುಡಿ ಕಡೆಯಿಂದ ತಂದ ಹಳೇ ತೇಗದ ಕಂಬಗಳು. ಮೇಲೆ ಹಂಚು, ಕೆಳಗೆ ಕೆಂಪು ನೆಲ, ಮುಂದೆ ಉದ್ದನೆಯ ಜಗಲಿ.

ನಾನು ಜಗಲಿ ಮೇಲೆ ಕೂತೆ. ತಣ್ಣಗಿತ್ತು. ನಮ್ಮಜ್ಜಿಯ ಮನೆಯ ವಾಸನೆಯೇ ಬಂದ ಹಾಗಾಯಿತು. ಎದ್ದು ಬರಲು ಮನಸ್ಸಾಗಲಿಲ್ಲ.

ಆದರೆ ಕೂತಷ್ಟು ಹೊತ್ತೂ ಆ ರಸ್ತೆಯಲ್ಲಿ ಒಬ್ಬರೂ ನಡೆದು ಹೋಗಲಿಲ್ಲ. ಮೂರು ಕಾರು ಹೋದವು, ಕಿಟಕಿ ಗಾಜು ಏರಿಸಿಕೊಂಡು. ಕೊತ್ತಂಬರಿ ಸೊಪ್ಪು ಬೇಕಾದರೆ ಎಲ್ಲಿ ಅಂತ ಕೇಳಿದೆ. "ಆ್ಯಪ್‌ನಲ್ಲಿ ಬರುತ್ತೆ ಮೇಡಂ, ಇಲ್ಲಾಂದ್ರೆ ಮೇನ್ ರೋಡಿಗೆ ಹೋಗಬೇಕು" ಅಂದರು. ಆ ಮೇನ್ ರೋಡು ನಾಲ್ಕು ಕಿಲೋಮೀಟರ್ ದೂರ.

ಜಗಲಿ ಅನ್ನುವುದು ಬೀದಿಗಾಗಿ ಹುಟ್ಟಿದ್ದು, ಅಲ್ವಾ? ಹಾದು ಹೋಗುವವರು ಒಂದು ನಿಮಿಷ ಕೂರಲಿ, ಬಿಸಿಲಲ್ಲಿ ಬಂದವರಿಗೆ ಒಂದು ಲೋಟ ನೀರು ಕೊಡೋಣ, ಮನೆಯವರು ಒಳಗಿದ್ದೂ ಹೊರಗಿನ ಜೊತೆ ಇರಲಿ ಅಂತ. ಬೀದಿಯಲ್ಲಿ ಜನವೇ ಇಲ್ಲದಿದ್ದರೆ ಜಗಲಿ ಬರೀ ಒಂದು ಕಲ್ಲಿನ ಬೆಂಚು. ಅವತ್ತು ಕಾರಿನಲ್ಲಿ ವಾಪಸ್ ಬರುವಾಗ ತಮ್ಮನಿಗೆ ಇದನ್ನೇ ಹೇಳಿದೆ. ಅವನು "ಹಾಗಾದ್ರೆ ಏನು ನೋಡ್ಕೊಂಡು ಆರಿಸಬೇಕು ನೀನೇ ಹೇಳು" ಅಂದ. ಅವನಿಗೆ ಹೇಳಿದ್ದನ್ನೇ ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಲೆಕ್ಕ ಸರಳ. ಹಳೇ ಥರದ ಮನೆ, ನಡೆದಾಡಬಹುದಾದ ಬೀದಿ ಎರಡೂ ಒಟ್ಟಿಗೆ ಸಿಕ್ಕರೆ ಪುಣ್ಯ. ಎರಡರಲ್ಲಿ ಒಂದೇ ಸಿಗುವುದಾದರೆ ಬೀದಿಯನ್ನು ಆರಿಸಿಕೊಳ್ಳಿ. ಮನೆಯನ್ನು ಆಮೇಲೆ ಸ್ವಲ್ಪ ಸ್ವಲ್ಪವಾಗಿ ನಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದು. ಬೀದಿಯನ್ನು ಒಬ್ಬರೇ ಮಾಡಿಕೊಳ್ಳಲು ಆಗುವುದಿಲ್ಲ.

ಹೀಗೆ ಹೇಳಲು ನನಗೆ ಕಾರಣ ಇದೆ. ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಮದುವೆಯಾದ ಮೇಲೆ ಆರು ವರ್ಷ ಸರ್ಜಾಪುರ ರಸ್ತೆ ಕಡೆಯ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಹನ್ನೆರಡನೇ ಮಹಡಿಯಲ್ಲಿದ್ದೆವು. ಈಗ ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ಹತ್ತಿರ, ಒಂದು ಹಳೇ ಕಟ್ಟಡದ ಮೊದಲ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಮೂರನ್ನೂ ಬದುಕಿ ನೋಡಿದ್ದೇನೆ.

ಹಳೇ ಬಡಾವಣೆಗಳು ಕಾಲಿಗೆ ಯಾಕೆ ಹಿತ?

ಬೆಂಗಳೂರಿನ ಪೇಟೆ 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ. ಒಂದೊಂದು ಕಸುಬಿಗೆ ಒಂದೊಂದು ಪೇಟೆ, ಕೆಳಗೆ ಅಂಗಡಿ, ಮೇಲೆ ಅಥವಾ ಹಿಂದೆ ಮನೆ. ಎಲ್ಲವೂ ಕಾಲ್ನಡಿಗೆಯ ಅಳತೆಯಲ್ಲಿತ್ತು. ಇವತ್ತು ಅಲ್ಲಿ ಸಾಮಾನು ಇಳಿಸುವ ಗಾಡಿಗಳ ನಡುವೆ ಸಂಸಾರ ಮಾಡುವುದು ಹೆಚ್ಚಿನವರಿಗೆ ಕಷ್ಟ. ಹಾಗಾಗಿ ಪೇಟೆಯನ್ನು ಈ ಹೋಲಿಕೆಯಲ್ಲಿ ಸೇರಿಸುತ್ತಿಲ್ಲ. ಸೀರೆಗೋ ಪಾತ್ರೆಗೋ ಹೋದಾಗ ಒಂದು ಸಲ ತಲೆ ಎತ್ತಿ ಮೇಲಿನ ಮಹಡಿಗಳನ್ನು ನೋಡಿ, ಇನ್ನೂ ಕೆಲವು ಮರದ ಕಿಟಕಿಗಳು ಉಳಿದಿವೆ.

ಚಾಮರಾಜಪೇಟೆ 1892ರದ್ದು. 1898ರಲ್ಲಿ ಊರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕರೆತರಲು ಬಸವನಗುಡಿ, ಮಲ್ಲೇಶ್ವರ ಬೆಳೆದವು. ಗಾಳಿ ಬೆಳಕು ಬರಲಿ ಅಂತ ನೇರ ರಸ್ತೆ, ಮನೆ ಹಿಂದೆ ಶೌಚ, ಕಸ ತೆಗೆಯುವವರು ಓಡಾಡಲು ಕನ್ಸರ್ವೆನ್ಸಿ ಗಲ್ಲಿ, ಉದ್ಯಾನ, ದೇವಸ್ಥಾನ, ಮಾರುಕಟ್ಟೆ ಎಲ್ಲ ಇಟ್ಟರು. ಆಗ ಊರಲ್ಲಿ ಕಾರೇ ಇರಲಿಲ್ಲ ಅನ್ನಬೇಕು. ಜನ ನಡೆಯುತ್ತಾರೆ ಅನ್ನುವುದು ಯಾರೂ ಬಾಯಿಬಿಟ್ಟು ಹೇಳದ ನಿಯಮವಾಗಿತ್ತು.

ಮಲ್ಲೇಶ್ವರದ ಕ್ರಾಸ್‌ಗಳನ್ನು ನೋಡಿ. ಸ್ವಲ್ಪ ದೂರಕ್ಕೊಂದು ಕ್ರಾಸ್ ಬರುತ್ತದೆ. ಎಂಟನೇ ಕ್ರಾಸಿನ ಹೂವು ಹಣ್ಣಿನ ಅಂಗಡಿಗೆ ಹೋಗಲು ನಿಮಗೆ ನಾಲ್ಕೈದು ದಾರಿ ಇರುತ್ತವೆ. ಒಂದು ದಾರಿಯಲ್ಲಿ ಮರದ ನೆರಳು ಜಾಸ್ತಿ, ಇನ್ನೊಂದರಲ್ಲಿ ಗೆಳತಿಯ ಮನೆ, ಮತ್ತೊಂದರಲ್ಲಿ ದೇವಸ್ಥಾನ. ಬೇಸರವಾಗದೆ ನಡೆಯಲು ಇದೇ ಬೇಕು. ಹೊರವಲಯದಲ್ಲಿ ಒಂದು ದೊಡ್ಡ ಕಾಂಪೌಂಡಿನ ಗೋಡೆ ಪಕ್ಕ ಅರ್ಧ ಕಿಲೋಮೀಟರ್ ನಡೆದು ನೋಡಿ. ದೂರ ಅಷ್ಟೇ ಇರಬಹುದು, ಕಾಲು ಮಾತ್ರ ಎರಡರಷ್ಟು ಸೋಲುತ್ತದೆ.

ಹಳೇ ಬಡಾವಣೆಯಲ್ಲಿ ಹಳೇ ಮನೆ

ಎಲ್ಲರ ಕನಸು ಇದೇ. ಮುಂದೆ ಚಿಕ್ಕ ಕಾಂಪೌಂಡು, ಒಂದು ಸಂಪಿಗೆ ಮರ, ಕಿಟಕಿ ಮೇಲೆ ಮಂಕಿ ಟಾಪ್, ಅಂದರೆ ಆ ಚೂಪು ತುದಿಯ ಮರದ ಜಾಲರಿ ಮಾಡು. ಅದು ಬಿಸಿಲನ್ನು ತಡೆದು ಗಾಳಿಯನ್ನು ಬಿಡುತ್ತದೆ. ಒಳಗೆ ದಪ್ಪ ಗೋಡೆ. ಹಗಲಿನ ಬಿಸಿ ಆ ಗೋಡೆ ದಾಟಿ ಒಳಗೆ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಏಪ್ರಿಲ್ ಮಧ್ಯಾಹ್ನ ಇಂಥ ಮನೆಯ ಹಜಾರದಲ್ಲಿ ಬರಿಗಾಲಲ್ಲಿ ನಿಂತರೆ ಸಾಕು, ಏಸಿ ಯಾಕೆ ಬೇಕು ಅನಿಸುತ್ತದೆ.

ತೊಟ್ಟಿ ಇದ್ದರಂತೂ ಇನ್ನೂ ಚೆನ್ನ. ಕಾದ ಗಾಳಿ ಮೇಲೇರಿ ತೊಟ್ಟಿಯಿಂದ ಹೊರಗೆ ಹೋಗುತ್ತದೆ. ಕೆಳಗೆ ಕಿಟಕಿ ಬಾಗಿಲಿನಿಂದ ತಣ್ಣನೆಯ ಗಾಳಿ ಬರುತ್ತದೆ. ನಾಲ್ಕೂ ಕಡೆಯ ಕೋಣೆಗಳಿಗೆ ಹಗಲಲ್ಲಿ ದೀಪವೇ ಬೇಡ. ಮಂಗಳೂರು ಹಂಚಿನ ಮಾಡಾದರೆ ಹಂಚುಗಳ ಸಂದಿಯಲ್ಲೂ ಗಾಳಿ ಆಡುತ್ತದೆ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹಂಚು ನಾಡಿನ ತುಂಬ ಹರಡಿತು.

ಇಷ್ಟೆಲ್ಲ ಇದ್ದೂ ನಾನು ಇದನ್ನು ಎಲ್ಲರಿಗೂ ಹೇಳುವುದಿಲ್ಲ. ಹಳೇ ಮನೆ ಅಂದರೆ ಮನೆಯಲ್ಲಿ ಒಬ್ಬ ವಯಸ್ಸಾದವರು ಇದ್ದ ಹಾಗೆ. ದಿನಾ ವಿಚಾರಿಸಿಕೊಳ್ಳಬೇಕು.

ಮೊದಲು ತಾರಸಿ ನೋಡಿ. ಹಳೇ ಬೆಂಗಳೂರಿನ ಬಹಳ ಮನೆಗಳದ್ದು ಮದ್ರಾಸ್ ಟೆರೇಸ್. ಮರದ ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ನಿಲ್ಲಿಸಿ ಕಟ್ಟಿರುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಪದರ. ನೀರು ನಿಂತರೆ ಜಂತೆ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ. ಗೋಡೆಗೆ ಸೇರುವ ಜಾಗದಲ್ಲಿ ಜಂತೆಯ ತುದಿಯನ್ನು ಮೆಲ್ಲಗೆ ಒತ್ತಿ ನೋಡಿ. ಒಳಗೆ ಹೋದರೆ ಜಂತೆ ಬದಲಾಯಿಸುವ ಖರ್ಚನ್ನು ಮನೆ ಬೆಲೆಗೆ ಸೇರಿಸಿಕೊಳ್ಳಿ.

ಎರಡನೆಯದು, ಸುಣ್ಣದ ಗೋಡೆಗೆ ಯಾರಾದರೂ ಸಿಮೆಂಟ್ ಮೆತ್ತಿದ್ದಾರಾ ನೋಡಿ. ಸುಣ್ಣದ ಗಾರೆ ಹೀರಿಕೊಂಡ ತೇವವನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಂದರೆ ತೇವ ಒಳಗೇ ಉಳಿದು ಗೋಡೆ ಹೊಪ್ಪಳೆ ಏಳುತ್ತದೆ. ನಾವು ಮಲ್ಲೇಶ್ವರದಲ್ಲಿ ಒಂದು ಮನೆ ನೋಡಿ ಮುಂಗಡ ಕೊಡುವ ಹಂತಕ್ಕೆ ಬಂದಿದ್ದೆವು. ಗೋಡೆಗೆ ಹೊಸ ಬಣ್ಣ ಹೊಡೆದು ಫಳಫಳ ಮಾಡಿದ್ದರು. ಜೊತೆಗೆ ಬಂದಿದ್ದ ಹಳೇ ಮೇಸ್ತ್ರಿಯೊಬ್ಬರು ಗೋಡೆ ತಟ್ಟಿ, ಕಿವಿಯಿಟ್ಟು ಕೇಳಿ, "ಬೇಡಮ್ಮ, ಒಳಗೆ ಟೊಳ್ಳು" ಅಂದರು. ಎರಡು ಮಳೆಗಾಲ ಕಳೆದ ಮೇಲೆ ಆ ಮನೆಯನ್ನು ಕೆಡವಿದರು. ಮೇಸ್ತ್ರಿಯ ಕಿವಿ ನಮ್ಮನ್ನು ಉಳಿಸಿತು.

ಕೆಂಪು ನೆಲದ ಬಗ್ಗೆಯೂ ಒಂದು ಮಾತು. ಬಿರುಕು ಬಿಟ್ಟ ರೆಡ್ ಆಕ್ಸೈಡ್ ನೆಲವನ್ನು ಮೊದಲಿನ ಹಾಗೆ ಮಾಡುವವರು ಈಗ ಬಹಳ ಕಡಿಮೆ. ಕೈಯಲ್ಲಿ ಉಜ್ಜಿ ಉಜ್ಜಿ ಹೊಳಪು ಬರಿಸುವ ಕೆಲಸ ಅದು. ಸಣ್ಣ ಬಿರುಕುಗಳಿದ್ದರೆ ಹಾಗೇ ಬಿಟ್ಟುಬಿಡಿ. ನಮ್ಮಮ್ಮನ ತವರಿನ ನೆಲದಲ್ಲಿ ಒಂದು ಬಿರುಕಿತ್ತು, ನಾವು ಮಕ್ಕಳು ಅದನ್ನೇ ಗಡಿ ಮಾಡಿಕೊಂಡು ಆಟ ಆಡುತ್ತಿದ್ದೆವು.

ಕಾಗದಪತ್ರದ ವಿಷಯ ಇನ್ನೂ ದೊಡ್ಡದು. ಹಳೇ ಮನೆಗೆ ವಾರಸುದಾರರು ಜಾಸ್ತಿ. ಅಜ್ಜನ ಹೆಸರಲ್ಲಿ ಖಾತೆ, ಐದು ಮಕ್ಕಳು, ಅದರಲ್ಲಿ ಇಬ್ಬರು ವಿದೇಶದಲ್ಲಿ. ಹೆಣ್ಣುಮಕ್ಕಳ ಸಹಿ ಬಿಟ್ಟು ಮಾಡಿದ ವಿಭಾಗ ಪತ್ರ ಮುಂದೆ ಕೋರ್ಟಿಗೆ ಎಳೆಯಬಹುದು. ಒಳ್ಳೇ ವಕೀಲರಿಗೆ ತೋರಿಸದೆ ಒಂದು ರೂಪಾಯಿಯೂ ಕೊಡಬೇಡಿ. ಎಷ್ಟೋ ಸಲ ಬ್ಯಾಂಕುಗಳು ಹಳೇ ಕಟ್ಟಡಕ್ಕೆ ಬೆಲೆಯನ್ನೇ ಕಟ್ಟದೆ ಬರೀ ಜಾಗ ನೋಡಿ ಸಾಲ ಲೆಕ್ಕ ಹಾಕುತ್ತವೆ, ಅದನ್ನೂ ಮೊದಲೇ ಕೇಳಿಕೊಳ್ಳಿ.

ದುರಸ್ತಿ ಮುಂದೂಡಿದರೆ ಏನಾಗುತ್ತದೆ ಅನ್ನುವುದಕ್ಕೆ ಮೈಸೂರು ಸಾಕ್ಷಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಹಳೇ ಕಟ್ಟಡವನ್ನು ಪ್ರೀತಿಸುವುದು ಅಂದರೆ ಪ್ರತಿ ಮೇ ತಿಂಗಳು ಅದರ ತಾರಸಿ ಹತ್ತಿ ನೋಡುವುದು.

ಯಾರಿಗೆ ಇದು ಸರಿ? ಕೈಯಲ್ಲಿ ದುರಸ್ತಿಗೆ ಬೇರೆ ದುಡ್ಡು ಇದ್ದವರಿಗೆ, ಊರಲ್ಲೇ ಇರುವವರಿಗೆ, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯ ಪರಿಚಯ ಇರುವವರಿಗೆ. ಸ್ವಂತ ಹಿರಿಯರ ಮನೆ ಇದ್ದರೆ ಕೆಡವುವ ಮುಂಚೆ ದಯವಿಟ್ಟು ಎರಡು ಸಲ ಯೋಚಿಸಿ. ಬಚ್ಚಲು, ಅಡುಗೆಮನೆ, ವೈರಿಂಗ್ ಈ ಮೂರನ್ನು ಹೊಸದು ಮಾಡಿದರೆ ಬಹಳ ಮನೆಗಳು ಇನ್ನೊಂದು ತಲೆಮಾರು ಬಾಳುತ್ತವೆ.

ಹಳೇ ಬಡಾವಣೆಯಲ್ಲಿ ಫ್ಲಾಟ್

ನನ್ನ ಮಟ್ಟಿಗೆ ಹೆಚ್ಚಿನ ಸಂಸಾರಗಳಿಗೆ ಇದೇ ಒಳ್ಳೆಯ ಆಯ್ಕೆ. ನೋಡಲು ಏನೂ ಅಂದವಿರುವುದಿಲ್ಲ. ಒಂದು ಬಂಗಲೆ ಇದ್ದ ಜಾಗದಲ್ಲಿ ನಾಲ್ಕು ಮಹಡಿ ಎದ್ದಿರುತ್ತದೆ. ತೊಟ್ಟಿ ಇಲ್ಲ, ಕಂಬ ಇಲ್ಲ. ಆದರೆ ಮೆಟ್ಟಿಲಿಳಿದರೆ ಬೀದಿ ಇದೆ.

ನಮ್ಮಮ್ಮನ ಉದಾಹರಣೆ ಹೇಳುತ್ತೇನೆ. ಅಮ್ಮನಿಗೆ 74. ಮಂಡಿ ನೋವು. ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಒಳ್ಳೆಯ ವಾಕಿಂಗ್ ಟ್ರ್ಯಾಕ್ ಇತ್ತು, ಸುತ್ತ ಹುಲ್ಲು, ಬೆಂಚು. ಡಾಕ್ಟರು ಹೇಳಿದರು ಅಂತ ಅಮ್ಮ ದಿನಾ ಸಂಜೆ ಮೂರು ರೌಂಡು ಹಾಕುತ್ತಿದ್ದರು. ಮಾತ್ರೆ ನುಂಗಿದ ಹಾಗೆ. ಮೂರಾದ ಕೂಡಲೇ ಲಿಫ್ಟ್ ಹತ್ತಿ ಮೇಲೆ. ಕ್ರಮೇಣ ಎರಡಾಯಿತು, ಆಮೇಲೆ ಒಂದು, ಆಮೇಲೆ "ಇವತ್ತು ಬೇಡ ಬಿಡೇ".

ಬಸವನಗುಡಿಗೆ ಬಂದ ಮೇಲೆ ಅಮ್ಮ ವಾಕಿಂಗ್ ಅಂತ ಹೋಗುವುದೇ ಇಲ್ಲ. ಬೆಳಿಗ್ಗೆ ಹೂವಿಗೆ ಹೋಗುತ್ತಾರೆ. ಮೊಳದ ಲೆಕ್ಕದಲ್ಲಿ ಚೌಕಾಸಿ ಮಾಡಿ ಸೇವಂತಿಗೆ ತರುತ್ತಾರೆ. ಹತ್ತು ಗಂಟೆಗೆ ಬ್ಯಾಂಕು, ಇಲ್ಲವೇ ದೇವಸ್ಥಾನ. ಸಂಜೆ ಸೊಪ್ಪು. ಪೂಜೆ ಸಾಮಾನಿನ ಗ್ರಂಥಿಗೆ ಅಂಗಡಿಯವರು ಒಂದು ಸ್ಟೂಲ್ ಹಾಕಿಕೊಡುತ್ತಾರೆ, ಅಲ್ಲಿ ಐದು ನಿಮಿಷ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆಗೆ ನಡೆದೇ ಹೋಗಿ, ಸೆರಗಿನಲ್ಲಿ ಒಂದಿಷ್ಟು ಕಡಲೆಕಾಯಿ ಕಟ್ಟಿಕೊಂಡು ಬಂದರು. ಮಂಡಿ ನೋವು ಹೋಗಿಲ್ಲ. ಆದರೆ ಎರಡು ದಿನ ಅಮ್ಮ ಕಾಣದಿದ್ದರೆ ಹೂವಿನವಳು ಕೇಳುತ್ತಾಳೆ, "ಅಜ್ಜಿ ಎಲ್ಲಕ್ಕಾ, ಹುಷಾರಿದ್ದಾರಾ?" ಅಂತ. ಆರು ವರ್ಷ ಹನ್ನೆರಡನೇ ಮಹಡಿಯಲ್ಲಿ ಇದ್ದಾಗ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಲ್ಲಿನವರು ಕೆಟ್ಟವರಲ್ಲ. ಅಮ್ಮ ಅವರ ಕಣ್ಣಿಗೆ ಬೀಳುವಂಥ ಜಾಗವೇ ಅಲ್ಲಿರಲಿಲ್ಲ.

ಇಂಥ ಫ್ಲಾಟ್ ನೋಡುವಾಗ ಗಮನಿಸಬೇಕಾದದ್ದು ಬೇರೆ. ನೆಲಮಹಡಿಯನ್ನೆಲ್ಲ ಕಾರಿಗೆ ಬಿಟ್ಟ ಕಟ್ಟಡಗಳೇ ಈಗ ಜಾಸ್ತಿ. ಅದಕ್ಕೆ ಸ್ಟಿಲ್ಟ್ ಪಾರ್ಕಿಂಗ್ ಅನ್ನುತ್ತಾರೆ. ಬೀದಿಯ ಉದ್ದಕ್ಕೂ ಇಂಥವೇ ಬಂದುಬಿಟ್ಟರೆ ನಡೆಯುವವರ ಕಣ್ಣಿಗೆ ಬರೀ ಗೇಟು ಮತ್ತು ಬಂಪರ್. ಮೇಲಿನ ಮನೆಗಳ ಬಾಲ್ಕನಿ ಬೀದಿಗೆ ತೆರೆದಿದೆಯಾ, ಪಕ್ಕದಲ್ಲಿ ಒಂದೆರಡು ಅಂಗಡಿ, ಒಂದೆರಡು ಹಳೇ ಮನೆ ಉಳಿದಿವೆಯಾ ನೋಡಿ. ನಾನಾದರೆ ಮೊದಲ ಅಥವಾ ಎರಡನೇ ಮಹಡಿ ಆರಿಸುತ್ತೇನೆ. ಅಲ್ಲಿಂದ ತರಕಾರಿ ಗಾಡಿಯವನನ್ನು ಕೂಗಿ ನಿಲ್ಲಿಸಬಹುದು. ಐದನೇ ಮಹಡಿ ದಾಟಿದರೆ ಬೀದಿಯ ಜೊತೆ ಮಾತು ಕಡಿದು ಹೋಗುತ್ತದೆ.

ಜಾಗದ ಪಾಲು ಕೇಳಿ. 40-60ರ ಸೈಟು ಅಂದರೆ 2,400 ಚದರ ಅಡಿ. ಅದರಲ್ಲಿ ಒಂದೇ ಅಳತೆಯ ನಾಲ್ಕು ಮನೆ ಇದ್ದರೆ ಒಂದೊಂದಕ್ಕೆ 600 ಚದರ ಅಡಿ ನೆಲದ ಪಾಲು ಬರುತ್ತದೆ. ಎತ್ತರದ ದೊಡ್ಡ ಕಟ್ಟಡಗಳಲ್ಲಿ ಇಷ್ಟು ಸಿಗುವುದು ಅಪರೂಪ. ಮೂವತ್ತು ವರ್ಷದ ಮೇಲೆ ಕಟ್ಟಡ ಹಳತಾದಾಗ ಉಳಿಯುವ ಬೆಲೆ ಈ ನೆಲದ್ದೇ.

ಓಸಿ, ಅಂದರೆ ಕಟ್ಟಡ ಪ್ಲ್ಯಾನ್ ಪ್ರಕಾರ ಇದೆ, ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ, ಇದೆಯಾ ಅಂತಲೂ ಕೇಳಿ. ಸಣ್ಣ ಕಟ್ಟಡಗಳಲ್ಲಿ ಇದು ಇಲ್ಲದಿರುವುದೇ ಹೆಚ್ಚು. ಪ್ಲ್ಯಾನ್‌ನಲ್ಲಿ ಮೂರು ಮಹಡಿ, ಕಟ್ಟಿದ್ದು ನಾಲ್ಕು ಅನ್ನುವುದು ನಮ್ಮೂರಲ್ಲಿ ಮಾಮೂಲಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ ಓಸಿ ಇಲ್ಲದ ಹೊಸ ಕಟ್ಟಡಗಳಿಗೆ ಕರೆಂಟು, ನೀರಿನ ಸಂಪರ್ಕ ಪಡೆಯುವುದು ತಾಪತ್ರಯವಾಗಿದೆ. ಹೊಸ ಕಟ್ಟಡವಾದರೆ ಈ ಕಾಗದ ನೋಡದೆ ಮುಂದೆ ಹೆಜ್ಜೆ ಇಡಬೇಡಿ.

ಕಷ್ಟಗಳೂ ಇವೆ. ನಮ್ಮ ಮನೆಗೆ ಪಾರ್ಕಿಂಗ್ ಒಂದೇ. ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನ ಗದ್ದಲ ರಾತ್ರಿ ಹನ್ನೊಂದಾದರೂ ನಿಲ್ಲುವುದಿಲ್ಲ. ಮುಖ್ಯರಸ್ತೆಯನ್ನು ಕೆಲವು ವರ್ಷಗಳ ಹಿಂದೆ ಅಗೆದು, ಕಲ್ಲು ಹಾಸಿ, ಫುಟ್‌ಪಾತ್ ಅಗಲ ಮಾಡಿದರು. ಕೆಲಸ ನಡೆಯುವಷ್ಟು ಕಾಲ ಧೂಳು, ಹೂವು ಹಣ್ಣಿನವರಿಗೆ ವ್ಯಾಪಾರವಿಲ್ಲ. ಈಗ ನಡೆಯಲು ಹಾಯಾಗಿದೆ. ಒಳಗಿನ ಎಷ್ಟೋ ರಸ್ತೆಗಳಲ್ಲಿ ಮಾತ್ರ ಫುಟ್‌ಪಾತ್ ಮೇಲೇ ಸ್ಕೂಟರ್ ನಿಂತಿರುತ್ತವೆ. ಹಳೇ ಬಡಾವಣೆ ಅಂದ ಮಾತ್ರಕ್ಕೆ ಎಲ್ಲ ಬೀದಿಯೂ ನಡೆಯುವ ಬೀದಿ ಅಲ್ಲ.

ಹೊರವಲಯದ ದೊಡ್ಡ ಅಪಾರ್ಟ್‌ಮೆಂಟ್

ಇದನ್ನು ಬೈಯಲು ನನಗೆ ಮನಸ್ಸಿಲ್ಲ. ನನ್ನ ಮಗಳು ಸೈಕಲ್ ಕಲಿತದ್ದು ಅಲ್ಲೇ. ಕಾರಿನ ಭಯವಿಲ್ಲದೆ ಮಕ್ಕಳು ರಾತ್ರಿ ಎಂಟರವರೆಗೆ ಆಡುತ್ತಿದ್ದರು. ಕರೆಂಟು ಹೋದ ಅರೆಕ್ಷಣದಲ್ಲಿ ಜನರೇಟರ್. ಗಂಡ ಹೆಂಡತಿ ಇಬ್ಬರಿಗೂ ಆಫೀಸು ಅದೇ ಹೊರ ವರ್ತುಲ ರಸ್ತೆಯಲ್ಲಿದ್ದು, ಮಕ್ಕಳು ಚಿಕ್ಕವರಾಗಿದ್ದರೆ ಐದಾರು ವರ್ಷ ಅಲ್ಲಿರುವುದು ಒಳ್ಳೆಯದೇ.

ಜಾಹೀರಾತಿನಲ್ಲಿ "ಎಲ್ಲವೂ ನಡೆಯುವ ದೂರದಲ್ಲಿ" ಅಂತಿರುತ್ತದೆ. ಗೇಟಿನ ಒಳಗೆ ಅದು ನಿಜ. ಗೇಟಿನ ಹೊರಗೆ ಬಂದರೆ ಫುಟ್‌ಪಾತೇ ಇಲ್ಲ, ಚರಂಡಿ ಬಾಯಿ ತೆರೆದಿದೆ, ಲಾರಿಗಳು ಮೈಗೆ ತಾಗುವ ಹಾಗೆ ಹೋಗುತ್ತವೆ. ನಮ್ಮ ಗೇಟಿನ ಎದುರಿಗೇ ಒಂದು ಬೇಕರಿ ಇತ್ತು. ರಸ್ತೆ ದಾಟಲು ಧೈರ್ಯವಿಲ್ಲದೆ ನಾನು ಯು-ಟರ್ನ್ ಹೊಡೆದು ಕಾರಿನಲ್ಲಿ ಹೋಗಿ ಬ್ರೆಡ್ ತಂದ ದಿನಗಳಿವೆ.

ನೀರು ಇನ್ನೊಂದು ವಿಷಯ. 2024ರ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್‌ಗಳು ಬತ್ತಿ, ಹೊರವಲಯದವರು ಟ್ಯಾಂಕರಿಗೆ ಕಾದು ಕೂತರು. ಆ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಕೊಡುವ ಯೋಜನೆ ಅದು. ನೀವು ನೋಡುವ ಕಟ್ಟಡಕ್ಕೆ ಸಂಪರ್ಕ ಸಿಕ್ಕಿದೆಯಾ, ಕೊಳಾಯಿಯಲ್ಲಿ ನಿಜಕ್ಕೂ ನೀರು ಬರುತ್ತಾ ಅನ್ನುವುದನ್ನು ಅಲ್ಲಿ ವಾಸವಿರುವವರನ್ನೇ ಕೇಳಿ. ಮಾರುವವರನ್ನು ಕೇಳಬೇಡಿ.

ಸಮಯದ ಲೆಕ್ಕವನ್ನು ದುಡ್ಡಿನಷ್ಟೇ ಗಟ್ಟಿಯಾಗಿ ಹಾಕಿ. ದಿನಕ್ಕೆ ಒಂದೂವರೆ ಗಂಟೆ ಹೆಚ್ಚು ರಸ್ತೆಯಲ್ಲಿ ಕಳೆದರೆ, ತಿಂಗಳಿಗೆ 22 ದಿನಕ್ಕೆ 33 ಗಂಟೆ. ಎರಡನೇ ಕಾರಿನ ಕಂತು, ಪೆಟ್ರೋಲ್, ಕೆಲವೊಮ್ಮೆ ಡ್ರೈವರ್ ಸಂಬಳ, ಮೇಂಟೆನೆನ್ಸ್ ಇವನ್ನೆಲ್ಲ ಕೂಡಿಸಿ, ಆ ಮೊತ್ತವನ್ನು ಹಳೇ ಬಡಾವಣೆಯ ಬಾಡಿಗೆಯ ಪಕ್ಕ ಇಟ್ಟು ನೋಡಿ. ನಮ್ಮ ಮನೆಯಲ್ಲಿ ಎರಡನೇ ಕಾರು ಮಾರಿದ್ದರಿಂದಲೇ ಬಾಡಿಗೆಯ ವ್ಯತ್ಯಾಸ ಬಹುಪಾಲು ತುಂಬಿತು.

ಮತ್ತೆ ಆ ತೊಟ್ಟಿ ವಿಲ್ಲಾ

ಮೊದಲು ಹೇಳಿದ ಮನೆಗೆ ವಾಪಸ್ ಬರುತ್ತೇನೆ. ಅದನ್ನು ಕಟ್ಟಿದವರ ಮೇಲೆ ನನಗೆ ಗೌರವವಿದೆ. ಹಳೇ ಕಂಬಗಳು ಸೌದೆಯಾಗುವುದು ತಪ್ಪಿತು. ಗಾರೆ ಕೆಲಸ, ಕೆಂಪು ನೆಲ ಬಲ್ಲ ಕೈಗಳಿಗೆ ಕೆಲಸ ಸಿಕ್ಕಿತು. ಊರ ಗದ್ದಲ ಸಾಕಾಗಿ, ತೋಟ ಮಾಡಿಕೊಂಡು, ಮನೆಯಿಂದಲೇ ಕೆಲಸ ಮಾಡುವವರಿಗೆ, ಕಾರು ಓಡಿಸಲು ಬೇಸರವಿಲ್ಲದವರಿಗೆ ಅದು ನಿಜಕ್ಕೂ ಸುಖದ ಮನೆ.

ಆದರೆ ತಮ್ಮನ ಸಂಸಾರವನ್ನು ನಾನು ಬಲ್ಲೆ. ಅತ್ತೆ ಮಾವ ಜೊತೆಗಿದ್ದಾರೆ. ಮಾವನವರು ಕಾರು ಓಡಿಸುವುದನ್ನು ಬಿಟ್ಟು ಮೂರು ವರ್ಷವಾಯಿತು. ಮಗ ಹೈಸ್ಕೂಲಿಗೆ ಬಂದಿದ್ದಾನೆ. ಆ ಮನೆಯಲ್ಲಿ ಅವನು ಗೆಳೆಯನ ಮನೆಗೆ ಹೋಗಲೂ ಯಾರಾದರೂ ಬಿಟ್ಟು ಬರಬೇಕು. ಹನ್ನೆರಡರಿಂದ ಹದಿನೇಳರ ಮಕ್ಕಳು ಕಾರು ಓಡಿಸುವಂತಿಲ್ಲ, ಎಪ್ಪತ್ತು ದಾಟಿದ ಎಷ್ಟೋ ಜನ ಓಡಿಸುವುದನ್ನು ಬಿಟ್ಟಿರುತ್ತಾರೆ. ಮನೆಯಲ್ಲಿ ಈ ಎರಡು ವಯಸ್ಸಿನವರಿದ್ದರೆ ಬೀದಿಯ ಪ್ರಶ್ನೆ ಅವರ ಸ್ವಾತಂತ್ರ್ಯದ ಪ್ರಶ್ನೆ. ನಾನು ಹದಿಮೂರಕ್ಕೆ ಒಬ್ಬಳೇ ಚಾಮರಾಜಪೇಟೆಯಿಂದ ಗಾಂಧಿ ಬಜಾರಿಗೆ ನಡೆದು ಹೋಗಿ ಪುಸ್ತಕ ತರುತ್ತಿದ್ದೆ. ಆ ಧೈರ್ಯ ಕೊಟ್ಟದ್ದು ದಾರಿಯುದ್ದಕ್ಕೂ ಇದ್ದ ಅಂಗಡಿಯವರ ಕಣ್ಣು.

ನಮ್ಮ ವಠಾರದಲ್ಲಿ ತೇಗದ ಕಂಬ ಇರಲಿಲ್ಲ. ನಡುವೆ ಒಂದು ಅಂಗಳ, ಸುತ್ತ ಎಂಟು ಸಣ್ಣ ಮನೆ, ಎಲ್ಲರಿಗೂ ಒಂದೇ ನಲ್ಲಿ. ಆ ನಲ್ಲಿಗಾಗಿ ಜಗಳವೂ ಆಗುತ್ತಿತ್ತು, ಮತ್ತೆ ಆ ಕಷ್ಟ ಬೇಕು ಅಂತ ನಾನು ಹೇಳುವುದಿಲ್ಲ. ಆದರೂ ತೊಟ್ಟಿ ಮನೆಯ ಗುಣ ಆ ವಠಾರದಲ್ಲಿತ್ತು. ನಡುವಿನ ಬಯಲು ಎಲ್ಲರದ್ದೂ ಆಗಿತ್ತು. ಹೊಸದಾಗಿ ಕಟ್ಟಿಸುವ ಅಣ್ಣತಮ್ಮಂದಿರು, ಗೆಳೆಯರು ಒಂದು ಸೈಟನ್ನು ಸೇರಿ ಕೊಂಡು, ನಡುವೆ ಅಂಗಳ ಬಿಟ್ಟು ನಾಲ್ಕು ಮನೆ ಕಟ್ಟಿಸಿಕೊಳ್ಳಬಹುದಲ್ಲವಾ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಕಂಬಕ್ಕೆ ಹಾಕುವ ದುಡ್ಡನ್ನು ಒಳ್ಳೇ ಬೀದಿಯ ಸೈಟಿಗೆ ಹಾಕಿದ ಹಾಗಾಗುತ್ತದೆ.

ಹಳೇ ಬಡಾವಣೆಗೂ ಹೊರವಲಯಕ್ಕೂ ನಡುವೆ ಜಯನಗರದಂಥ ಬಡಾವಣೆಗಳಿವೆ. ಜಯನಗರ ಶುರುವಾದದ್ದು 1948ರಲ್ಲಿ. ನಾಲ್ಕನೇ ಬ್ಲಾಕಿನ ಸುತ್ತ ನಡೆಯುವ ಸುಖ ಮಲ್ಲೇಶ್ವರಕ್ಕೇನೂ ಕಡಿಮೆಯಿಲ್ಲ. 2017ರಿಂದ ಹಸಿರು ಮೆಟ್ರೋ ಇದೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಬಂತು. ಹೀಗಾಗಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಜಯನಗರದಲ್ಲಿ ಮನೆ ಅನ್ನುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಆಫೀಸು ದೂರ ಅಂತ ಹಳೇ ಬಡಾವಣೆಯನ್ನು ಕೈಬಿಟ್ಟವರು ಮೆಟ್ರೋ ನಕ್ಷೆ ಹರಡಿಕೊಂಡು ಇನ್ನೊಮ್ಮೆ ನೋಡಿ.

ಬೆಂಗಳೂರೇ ಆಗಬೇಕು ಅಂತಿಲ್ಲದವರಿಗೆ ಮೈಸೂರಿದೆ. ಅಲ್ಲಿ 1903ರಲ್ಲೇ ನಗರ ಸುಧಾರಣೆಗೆ ಟ್ರಸ್ಟ್ ಬೋರ್ಡ್ ಮಾಡಿದ್ದರು. ಚಾಮರಾಜಪುರಂ, ಲಕ್ಷ್ಮೀಪುರಂ ಕಡೆ ಇನ್ನೂ ಜಗಲಿಗೂ ಬೀದಿಗೂ ಮಾತು ಬಿಟ್ಟಿಲ್ಲ.

ನೋಡಲು ಹೋದಾಗ ಏನು ಮಾಡಬೇಕು?

ಕಾರಿನಲ್ಲಿ ಹೋಗಬೇಡಿ. ಬಸ್ಸಿನಲ್ಲೋ ಮೆಟ್ರೋದಲ್ಲೋ ಹೋಗಿ, ಸ್ಟಾಪಿನಿಂದ ಮನೆಯವರೆಗೆ ನಡೆಯಿರಿ. 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ನಡೆಯುವ ದೂರದಲ್ಲಿ ಬಸ್ ಸ್ಟಾಪ್ ಇದ್ದರೆ ಅಮ್ಮನಿಗೆ, ಮಗಳಿಗೆ, ಮನೆ ಕೆಲಸಕ್ಕೆ ಬರುವವರಿಗೆ ಇಡೀ ಊರು ತೆರೆದುಕೊಳ್ಳುತ್ತದೆ.

ಮೂರು ಹೊತ್ತಿನಲ್ಲಿ ನೋಡಿ. ಬೆಳಿಗ್ಗೆ ಏಳಕ್ಕೆ ಹಾಲಿನ ಬೂತಿನ ಮುಂದೆ ಜನ ಇದ್ದಾರಾ? ಮಧ್ಯಾಹ್ನ ಎರಡಕ್ಕೆ ನೆರಳಿದೆಯಾ? ರಾತ್ರಿ ಎಂಟೂವರೆಗೆ ಹೆಣ್ಣುಮಕ್ಕಳು ಒಬ್ಬೊಬ್ಬರೇ ಓಡಾಡುತ್ತಿದ್ದಾರಾ? ಮೂರನೆಯದಕ್ಕೆ ಹೌದು ಅನ್ನುವ ಉತ್ತರ ಸಿಕ್ಕರೆ ಉಳಿದ ಸಣ್ಣಪುಟ್ಟ ಕೊರತೆಗಳನ್ನು ನಾನು ಮನ್ನಿಸುತ್ತೇನೆ.

ಮನೆಯಿಂದ ಹತ್ತು ನಿಮಿಷದಲ್ಲಿ ಏನೇನು ಸಿಗುತ್ತದೆ ಅಂತ ನಡೆದೇ ಎಣಿಸಿ. ನನ್ನ ಪಟ್ಟಿ ಇದು: ಸೊಪ್ಪು ತರಕಾರಿ, ಹಾಲು, ಔಷಧಿ ಅಂಗಡಿ, ಡಾಕ್ಟರು, ಟೈಲರ್, ಚಪ್ಪಲಿ ಹೊಲಿಯುವವರು, ಒಂದು ಕಾಫಿ, ಕೂರಲು ಒಂದು ಬೆಂಚು. ಚಪ್ಪಲಿ ಹೊಲಿಯುವವರನ್ನು ಸುಮ್ನೆ ಸೇರಿಸಿಲ್ಲ. ಅವರು ಮರದ ಕೆಳಗೆ ಕೂತು ಬದುಕು ನಡೆಸುತ್ತಿದ್ದಾರೆ ಅಂದರೆ ಆ ಬೀದಿಯಲ್ಲಿ ಸಾಕಷ್ಟು ಜನ ನಡೆಯುತ್ತಿದ್ದಾರೆ ಅಂತ ಅರ್ಥ.

ಜೊತೆಗೆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಫುಟ್‌ಪಾತ್ ಎಷ್ಟು ಎತ್ತರ, ಎಲ್ಲಿ ಕಲ್ಲು ಅಲ್ಲಾಡುತ್ತದೆ, ರಸ್ತೆ ದಾಟಲು ಎಷ್ಟು ಹೊತ್ತು ಕಾಯಬೇಕು ಅನ್ನುವುದೆಲ್ಲ ಅವರ ಕಾಲಿಗೆ ನಮಗಿಂತ ಮುಂಚೆ ಗೊತ್ತಾಗುತ್ತದೆ.

ಕೊಳ್ಳುವ ಆತುರ ಬೇಡ. ಮನಸ್ಸಿಗೆ ಬಂದ ಬಡಾವಣೆಯಲ್ಲಿ ಮೊದಲು ಹನ್ನೊಂದು ತಿಂಗಳ ಕರಾರು ಮಾಡಿ ಬಾಡಿಗೆಗೆ ಇರಿ. ಅದರಲ್ಲಿ ಒಂದು ಮಳೆಗಾಲ, ಒಂದು ಗೌರಿ ಗಣೇಶ, ಒಂದು ಏಪ್ರಿಲ್ ಸೇರಲಿ. ಚರಂಡಿ ಉಕ್ಕುತ್ತದಾ, ಹಬ್ಬದ ಗದ್ದಲ ತಡೆಯಬಲ್ಲಿರಾ, ಬೇಸಿಗೆಯಲ್ಲಿ ನೀರು ಬರುತ್ತದಾ ಎಲ್ಲ ಗೊತ್ತಾಗುತ್ತದೆ. ತಮ್ಮ ಈಗ ಅದನ್ನೇ ಮಾಡುತ್ತಿದ್ದಾನೆ. ಹನುಮಂತನಗರದಲ್ಲಿ ಎರಡನೇ ಮಹಡಿಯ ಒಂದು ಮನೆ ನೋಡಿದ್ದಾನೆ. ಹಳೇ ಮೊಸಾಯಿಕ್ ನೆಲ, ಬೀದಿಗೆ ಬಾಲ್ಕನಿ, ಕೆಳಗೆ ಒಂದು ಟೈಲರ್ ಅಂಗಡಿ. ಮುಂದಿನ ಗುರುವಾರ ಅವನ ಮಾವನವರನ್ನು ಕರೆದುಕೊಂಡು, ಬಸ್ಸಿನಲ್ಲೇ, ಇನ್ನೊಂದು ಸಲ ಹೋಗುತ್ತಿದ್ದೇವೆ.